ಆ ರಾತ್ರಿ ಅಮ್ಮನ ಮಾತು ಕೇಳಿಸ್ಕೊಂಡವರಿಗೆ

ಅಮ್ಮ ಮೊನ್ನೆ ಊರು ಸೇರಿದ್ರು. ವಿಮಾನದಿಂದ ವೀಲ್‌ಚೇರಲ್ಲೇ ಕರ್ಕೊಂಡು ಬಂದ್ರಂತೆ, ಆದ್ರೆ ನನ್ನ ತಮ್ಮನ್ನ ನೋಡಿದ ತಕ್ಷಣ ಎದ್ದು ನಾಲ್ಕು ಹೆಜ್ಜೆ ಅವರೇ ನಡೆದ್ರಂತೆ. ತಮ್ಮ ವಿಡಿಯೋ ಕಳಿಸಿದಾನೆ, ಎಷ್ಟು ಸಲ ನೋಡಿದೀನೋ ಗೊತ್ತಿಲ್ಲ. ವಿದೇಶದಲ್ಲಿರೋ ನಮ್ಮನೆಗೆ ಬಂದಿದ್ದಾಗ ಅಮ್ಮಂಗೆ ಸ್ಟ್ರೋಕ್ ಆಗಿದ್ದು, ಆಸ್ಪತ್ರೆ, ಸ್ಕ್ಯಾನು, ಅದೆಲ್ಲ ನಿಮಗೆ ಗೊತ್ತಿರೋದೇ, ಮತ್ತೆ ಬರೆಯಲ್ಲ. ಆದ್ರೆ ಈ ಹತ್ತು ವಾರ ನಮ್ಮ ಜೊತೆ ನಿಂತವರಿಗೆ ನಾಲ್ಕು ಮಾತು ಬರೀದೇ ಇದ್ರೆ ನಂಗೆ ಸಮಾಧಾನ ಇಲ್ಲ.

ಆಂಬುಲೆನ್ಸ್‌ಗೆ ಫೋನ್ ಮಾಡಿದ ಕೆಳಗಡೆ ಮನೆಯವರು, ಮೂರು ವಾರ ನಮ್ಮ ಪಾಪುನ ಹಗಲೆಲ್ಲ ನೋಡ್ಕೊಂಡ ಆ ಕನ್ನಡದ ಕುಟುಂಬ (ಎರಡು ವರ್ಷದಿಂದ ಅದೇ ಬಸ್ಸಲ್ಲಿ ಅವರ ಮಾತು ಕಿವಿಗೆ ಬೀಳ್ತಿತ್ತು, ಒಂದು ದಿನಾನೂ ನಾನಾಗಿ ಮಾತಾಡಿಸಿರಲಿಲ್ಲ), ಏರ್‌ಲೈನ್‌ನವರು ಕೇಳಿದ ಮೆಡಿಕಲ್ ಫಾರಂ ತುಂಬೋಕೆ, ಡಾಕ್ಟರ್ ಸಹಿ ಹಾಕ್ಸೋಕೆ ಜೊತೆಗೆ ಓಡಾಡಿದ ಯಜಮಾನರ ಆಫೀಸಿನ ಗೆಳೆಯರು, ನಿಮ್ಮೆಲ್ಲರಿಗೂ ನಾನು ಋಣಿ.

ಈಗ ಒಬ್ಬರ ಬಗ್ಗೆ ಬರೀತೀನಿ. ಹೆಸರು ಹಾಕ್ಬೇಡ ಅಂದಿದಾರೆ, ಹಾಕಲ್ಲ. ಆ ಆಸ್ಪತ್ರೇಲಿ ರಾತ್ರಿ ಪಾಳಿ, ಪೇಶೆಂಟ್‌ಗಳ ಬೆಡ್ ತಳ್ಕೊಂಡು ಒಂದು ವಾರ್ಡಿಂದ ಇನ್ನೊಂದಕ್ಕೆ, ಸ್ಕ್ಯಾನಿಂಗ್ ರೂಮಿಗೆ ಕರ್ಕೊಂಡು ಹೋಗೋ ಕೆಲಸ ಅವರದ್ದು. ಊರು ನೇಪಾಳ. ವಯಸ್ಸಲ್ಲಿ ನಂಗಿಂತ ದೊಡ್ಡವರು.

ಮೊದಲನೇ ರಾತ್ರಿ. ಸ್ಟ್ರೋಕ್ ಶುರುವಾಗಿ 4.5 ಗಂಟೆ ಒಳಗೆ ಕೊಡ್ಬೇಕಾದ, ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಟ್ಟಾಗಿತ್ತು. ಅದು ಕೊಟ್ಟ ಮೇಲೆ ಮೊದಲ 2 ಗಂಟೆ 15 ನಿಮಿಷಕ್ಕೊಂದ್ಸಲ, ಆಮೇಲೆ 6 ಗಂಟೆ ಅರ್ಧರ್ಧ ಗಂಟೆಗೆ, ಆಮೇಲೆ 24 ಗಂಟೆ ತುಂಬೋವರೆಗೂ ಗಂಟೆಗೊಂದ್ಸಲ ಪೇಶೆಂಟನ್ನ ನೋಡ್ಲೇಬೇಕು, ಕೈ ಎತ್ತಿಸ್ತಾರೆ, ಮಾತಾಡಿಸ್ತಾರೆ, ಮಾತು ಇದ್ದಕ್ಕಿದ್ದಂಗೆ ಕೆಟ್ರೆ ತಲೆ ಒಳಗೆ ರಕ್ತಸ್ರಾವ ಆಗ್ತಿದೆಯೇನೋ ಅಂತ ಭಯ. ಅಮ್ಮ ಮೂವತ್ತು ವರ್ಷ ಆಫೀಸಲ್ಲಿ ಇಂಗ್ಲಿಷಲ್ಲೇ ಪತ್ರ ಬರೆದವರು. ಆ ರಾತ್ರಿ ಒಂದೇ ಒಂದು ಇಂಗ್ಲಿಷ್ ಪದ ಬಾಯಿಗೆ ಬರ್ತಿರಲಿಲ್ಲ, ಬರ್ತಿದ್ದದ್ದು ತೊದಲು ಕನ್ನಡ ಮಾತ್ರ. ಫೋನಲ್ಲಿ ಸಿಕ್ಕ ದುಭಾಷಿಗೆ ಹಿಂದಿ ಬರ್ತಿತ್ತು, ಕನ್ನಡ ಇಲ್ಲ. ಯಜಮಾನರು ಬೇರೆ ದೇಶದಲ್ಲಿ ಮೀಟಿಂಗಲ್ಲಿದ್ರು, ಮನೇಲಿ ಎಂಟು ತಿಂಗಳ ಪಾಪು, ನಂಗೆ ಹಾಲು ಕುಡಿಸೋಕೆ ಹೋಗ್ಲೇಬೇಕಿತ್ತು.

ಹೋದೆ. ಅಮ್ಮನ್ನ ಅಲ್ಲಿ ಬಿಟ್ಟು ಹೋದೆ.

ಇದನ್ನ ಈವರೆಗೆ ಯಾರ ಹತ್ರಾನೂ ಹೇಳಿಲ್ಲ. ಲಿಫ್ಟಲ್ಲಿ ನಿಂತಾಗ, ಅಮ್ಮ ಹೋಗೋದಾದ್ರೆ ತನ್ನ ಭಾಷೆ ಒಂದು ಅಕ್ಷರ ಗೊತ್ತಿಲ್ಲದವರ ಮಧ್ಯ ಹೋಗ್ತಾರೆ, ಅವರನ್ನ ಇಲ್ಲಿಗೆ ಕರೆಸ್ಕೊಂಡಿದ್ದು ನಾನು, ಅಂತ ಅನ್ನಿಸಿ ಉಸಿರು ಕಟ್ಟಿದಂಗಾಯ್ತು. ಈಗ್ಲೂ ಲಿಫ್ಟ್ ಬಾಗ್ಲು ಮುಚ್ಚಿದ್ರೆ ಅದೇ ನೆನಪಾಗತ್ತೆ.

ರಾತ್ರಿ ಒಂದೂವರೆಗೆ ಫೋನ್ ಬಂತು, ಆಸ್ಪತ್ರೆ ನಂಬರ್. ಎತ್ತೋಕೂ ಧೈರ್ಯ ಇಲ್ಲ. ಎತ್ತಿದ್ರೆ ಕನ್ನಡ. "ಅಕ್ಕ, ಭಯ ಪಡ್ಬೇಡ. ಅಮ್ಮ ಮಾತಾಡ್ತೈತೆ. ಸರಿಯಾಗೇ ಮಾತಾಡ್ತೈತೆ."

ಸ್ಕ್ಯಾನಿಗೆ ಕರ್ಕೊಂಡು ಹೋಗುವಾಗ ಅಮ್ಮ "ಚಳಿ ಕಣೋ" ಅಂದ್ರಂತೆ. ಇವರು ನಮ್ಮ ಕಡೆ ಒಂಬತ್ತು ವರ್ಷ ವಾಚ್‌ಮನ್ ಆಗಿ, ಆಮೇಲೆ ಹೋಟೆಲ್ ಅಡುಗೆಮನೇಲಿ ದುಡಿದವರು, ತಕ್ಷಣ "ತಡಿ ಅಮ್ಮ, ಹೊದಿಕೆ ತರ್ತೀನಿ" ಅಂದಿದಾರೆ. ಅದನ್ನ ನೋಡಿದ ನರ್ಸ್ (ಆ ತಾಯಿಗೂ ನನ್ನ ನಮಸ್ಕಾರ) ಆಮೇಲಿಂದ ಪ್ರತಿ ಸಲ ಚೆಕ್ ಮಾಡುವಾಗ ಅವರನ್ನೇ ಕರೆಸಿದ್ರು. ಇದು ಯಾವ ತಿಂಗಳು ಅಂತ ಮುಂಚೆ ಕೇಳಿದಾಗ ಅಮ್ಮ ಏನೋ ಅರ್ಥ ಇಲ್ಲದ್ದು ಹೇಳ್ತಿದಾರೆ ಅಂತ ಬರ್ಕೊಂಡಿದ್ರಂತೆ. ಇವರು ಕನ್ನಡದಲ್ಲಿ ಕೇಳಿದ್ರು. ಅಮ್ಮ "ಆಷಾಢ ಅಲ್ವೇನೋ" ಅಂದ್ರು. ಜುಲೈ ಮೊದಲ ವಾರ ಅದು. ನೇಪಾಳದಲ್ಲೂ ಅದೇ ತಿಂಗಳು, ಅವರು ಅಸಾರ್ ಅಂತಾರೆ, ಹಾಗಾಗಿ ಇವರಿಗೆ ಗೊತ್ತಾಯ್ತು, ಸರಿಯಾದ ಉತ್ತರ ಅಂತ ನರ್ಸಿಗೆ ಬಿಡಿಸಿ ಹೇಳಿದ್ರು. ಇನ್ಯಾರಾದ್ರೂ ಕನ್ನಡ ಬರದೇ ಇರೋರು ಕೇಳಿದ್ರೆ ಅದು ಬರೀ ಶಬ್ದ.

ಅಮ್ಮ ಅವರನ್ನ ನಮ್ಮ ತಮ್ಮ ಅಂತಾನೇ ತಿಳ್ಕೊಂಡಿದ್ರು. "ಅಕ್ಕ ಎಲ್ಲೋ?" ಅಂತ ಕೇಳ್ತಾನೇ ಇದ್ರಂತೆ, ಅದಕ್ಕೇ ನಂಗೆ ಫೋನ್ ಮಾಡ್ಸಿದ್ದು, ಅದಕ್ಕೇ ಅಕ್ಕ ಅಂದಿದ್ದು. ನನ್ನ ಹೆಸರು ಅಮ್ಮನ ಬಾಯಿಗೆ ಬರೋಕೆ ಇನ್ನೂ ಹನ್ನೊಂದು ದಿನ ಬೇಕಾಯ್ತು.

ಬೆಳಿಗ್ಗೆ ಆರಕ್ಕೆ ಅವರ ಪಾಳಿ ಮುಗಿದಿತ್ತು. ಎಂಟೂವರೆಗೆ ನಾನು ಪಾಪುನ ಎತ್ಕೊಂಡು ಹೋದಾಗ ಅಮ್ಮನ ಪಕ್ಕ ಕುರ್ಚಿ ಮೇಲೆ ಕೂತಿದ್ರು, ಅಮ್ಮ ಅವರ ತೋಳು ಹಿಡ್ಕೊಂಡು ಮಲಗಿದ್ರು. ಎಬ್ಬಿಸ್ಬೇಡ ಅಂತ ಕೈ ಸನ್ನೆ ಮಾಡಿದ್ರು.

ಆಮೇಲೆ ಊರಿಂದ ವಿಡಿಯೋ ಕಾಲಲ್ಲಿ ಕನ್ನಡದಲ್ಲೇ ಸ್ಪೀಚ್ ಥೆರಪಿ ಮಾಡಿದವರು ಹೇಳಿದ್ರು, ಎರಡು ಮೂರು ಭಾಷೆ ಬರೋರಿಗೆ ಸ್ಟ್ರೋಕ್ ಆದ್ರೆ ಎಲ್ಲ ಭಾಷೆ ಒಟ್ಟಿಗೆ ವಾಪಸ್ ಬರಬೇಕು ಅಂತೇನಿಲ್ಲ, ಒಂದು ಮುಂಚೆ ಬರಬಹುದು, ಒಂದು ತಡ ಆಗಬಹುದು, ಹಾಗಾಗಿ ಅವರವರ ಭಾಷೇಲಿ ಕೇಳಿದ್ರೇನೇ ಎಷ್ಟು ಉಳಿದಿದೆ ಅಂತ ತಿಳಿಯೋದು ಅಂತ. ಆ ರಾತ್ರಿ ಅಮ್ಮನ ಹತ್ರ ಎಷ್ಟು ಉಳಿದಿತ್ತು ಅಂತ ತಿಳ್ಕೊಂಡಿದ್ದು ಆ ನೇಪಾಳದ ಅಣ್ಣ ಒಬ್ಬರೇ.

ಅಣ್ಣಾ, ನೀವು ಕನ್ನಡ ಓದಲ್ಲ ಅಂದಿದ್ರಿ, ಭಾನುವಾರ ಮನೆಗೆ ಬಂದಾಗ ಇದನ್ನ ಓದಿ ಹೇಳ್ತೀನಿ.

ಇನ್ನೊಂದು ವಿಷಯ, ಇದು ಅವರು ಕೇಳಿದ್ದಲ್ಲ, ನಾನೇ ಅವರನ್ನ ಒಪ್ಪಿಸಿ ಕೇಳ್ತಿರೋದು. ಅವರ ತಾಯಿಗೆ ಮುಂದಿನ ತಿಂಗಳು ಕಠ್ಮಂಡುವಲ್ಲಿ ಕಣ್ಣಿನ ಆಪರೇಷನ್ ಇದೆ. ಹಳ್ಳಿಯಿಂದ ಒಬ್ಬರೇ ಬರ್ತಾರೆ, ಇವರಿಗೆ ರಜೆ ಸಿಕ್ಕಿಲ್ಲ. ಅಲ್ಲಿ ನಿಮಗೆ ಗೊತ್ತಿರೋರು ಯಾರಾದ್ರೂ ಇದ್ದು, ನೇಪಾಳಿ ಬಂದು, ಒಂದು ದಿನ ಅವರ ಪಕ್ಕ ಕೂರೋಕೆ ಆಗತ್ತೆ ಅಂದ್ರೆ ದಯವಿಟ್ಟು ನಂಗೆ ಮೆಸೇಜ್ ಮಾಡಿ.