ಹಂತ 1ರ ಮಾಹಿತಿ ಪುಸ್ತಕ ಮುದ್ರಿಸುವವರಿಗೆ

ಎಲ್ಲರಿಗೂ ನಮಸ್ಕಾರ. ಪ್ರಥಮ್ ಬುಕ್ಸ್‌ನ ಉಚಿತ ಮಕ್ಕಳ ಪುಸ್ತಕ ತಾಣ ಸ್ಟೋರಿವೀವರ್‌ನಿಂದ ಇರುವೆ, ಬೀಜ, ಮಳೆಯಂಥ ಪುಸ್ತಕ ಇಳಿಸಿಕೊಳ್ಳುವವರು ಮೊದಲು ಗಟ್ಟಿಯಾಗಿ ಓದಿ ನೋಡಿ. ಹಂತ 1 (ಆಗತಾನೇ ಓದಲು ಕಲಿಯುವ ಮಕ್ಕಳದ್ದು) ಅಂದರೆ 250 ಪದಗಳೊಳಗೆ, ಸರಿ. ಆದರೆ ಅನುವಾದದಲ್ಲಿ ಒತ್ತಕ್ಷರ ತುಂಬಿಕೊಂಡಿದ್ದರೆ ಮಗು ಅಲ್ಲೇ ನಿಲ್ಲುತ್ತದೆ. ‘ದ್ಯುತಿಸಂಶ್ಲೇಷಣೆ’ಯಂಥ ಪದ ಇದ್ದರೆ ಬೇರೆ ಪುಸ್ತಕವನ್ನೇ ಆರಿಸಿ. ‘ಎಲೆ ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳುತ್ತದೆ’ ಅಂದರೆ ಸಾಕು. ಪುಟಕ್ಕೆ ಒಂದೇ ವಾಕ್ಯ, ಅದು ಚಿತ್ರದ ಮೇಲಲ್ಲ, ಬಿಳಿ ಜಾಗದಲ್ಲಿರಲಿ.

ಇರುವೆಯ ಚಿತ್ರ ಪುಟ ತುಂಬ ಇದ್ದರೆ ಪಕ್ಕದಲ್ಲಿ ನಿಜ ಅಳತೆಯ ಗೆರೆ ಎಳೆಯಿರಿ. ಇಲ್ಲದಿದ್ದರೆ ಇರುವೆ ಇಲಿಯಷ್ಟಿದೆ ಅಂದುಕೊಳ್ಳುವ ಮಕ್ಕಳಿದ್ದಾರೆ!

ಹಾಳೆಗಳನ್ನು ಅರ್ಧಕ್ಕೆ ಮಡಚಿ ನಡುವೆ ಪಿನ್ ಹೊಡೆಯುವುದಾದರೆ ಪುಟಗಳು 4ರ ಗುಣಕದಲ್ಲಿರಬೇಕು: 12 ಅಥವಾ 16. ಹೀಗೆ ಮಡಚುವ ಎ4 ಹಾಳೆಯ ಎರಡೂ ಬದಿ ಮುದ್ರಿಸುವಾಗ ಪ್ರಿಂಟರ್‌ನಲ್ಲಿ ಚಿಕ್ಕ ಅಂಚಿನ ಕಡೆ ತಿರುಗಿಸುವ ಆಯ್ಕೆ (Flip on short edge) ಕೊಡಿ, ಇಲ್ಲವಾದರೆ ಹಿಂಬದಿ ತಲೆಕೆಳಗಾಗುತ್ತದೆ. ಲೇಖಕರು, ಚಿತ್ರಕಾರರು, ಪರವಾನಗಿ ಇರುವ ಕೊನೆಯ ಪುಟ ಬಿಡಬೇಡಿ.