ಪೆಟ್ರೋಲ್ ಕ್ಯಾನನ್ನು ಪಿಕಪ್‌ನಿಂದ ಕೆಳಗಿಳಿಸಿ

ಮಾನ್ಯರೇ,

ಕಳೆದ ಜನವರಿಯಲ್ಲಿ ವಿರಾಜಪೇಟೆಗೆ ಮದುವೆಗೆ ಹೋಗಿದ್ದೆವು. ಕಾರಿನಿಂದ ಇಳಿದು ಬಾಗಿಲು ಮುಚ್ಚಲು ಕೈಯಿಟ್ಟ ನನ್ನ ತಾಯಿಗೆ ಚಟ್ಟೆಂದು ಶಾಕ್ ಹೊಡೆಯಿತು. 76 ವರ್ಷದವರು, ಬೆಚ್ಚಿ ಕೈ ಹಿಂದೆಳೆದವರೇ ಆಯತಪ್ಪಿ ಬಿದ್ದು ಮಂಡಿಗೆ ಪೆಟ್ಟು ಮಾಡಿಕೊಂಡರು. ಆಮೇಲೆ ನಮ್ಮ ಕಾರು ಹತ್ತಲು ಒಪ್ಪಲೇ ಇಲ್ಲ. ವೈರಿಂಗ್ ಕೆಟ್ಟಿರಬೇಕೆಂದು ನಾನು ಎರಡು ಗ್ಯಾರೇಜುಗಳಿಗೆ ಅಲೆದೆ. ವೈರು ಬದಲಾಯಿಸಿದರು, ಹಿಂದುಗಡೆ ನೆಲ ಸವರುವ ರಬ್ಬರ್ ಪಟ್ಟಿಯನ್ನೂ ಕಟ್ಟಿದರು. ಶಾಕ್ ನಿಲ್ಲಲಿಲ್ಲ.

ನಿಲ್ಲುವುದಾದರೂ ಹೇಗೆ? ಕಾರಿನ ಬ್ಯಾಟರಿ 12 ವೋಲ್ಟ್‌ನದು, ಒಣ ಕೈಗೆ ಅದು ಹೀಗೆ ಹೊಡೆಯುವುದಿಲ್ಲ. ವಿದ್ಯುತ್ ಇದ್ದದ್ದು ತಾಯಿಯ ಮೈಯಲ್ಲಿ. ಪಾಲಿಯೆಸ್ಟರ್ ಸೀರೆ, ಉಣ್ಣೆಯ ಶಾಲು, ಸೀಟಿಗೆ ರೆಕ್ಸಿನ್ ಹೊದಿಕೆ. ಸೀಟಿನಿಂದ ಏಳುವಾಗ ಬಟ್ಟೆ ಹೊದಿಕೆಯಿಂದ ಬೇರ್ಪಟ್ಟು ಮೈಯಲ್ಲಿ ಸಾವಿರಾರು ವೋಲ್ಟ್‌ಗಳ ಸ್ಥಿರ ವಿದ್ಯುತ್ ಉಳಿಯುತ್ತದೆ. ರಬ್ಬರ್ ಚಪ್ಪಲಿ ಅದನ್ನು ನೆಲಕ್ಕೆ ಇಳಿಯಗೊಡುವುದಿಲ್ಲ. ಬೆರಳು ಲೋಹದ ಹತ್ತಿರ ಬಂದೊಡನೆ ಕಿಡಿಯಾಗಿ ಹಾರುತ್ತದೆ. ನಮ್ಮ ಜುಲೈ ಮಳೆಯಲ್ಲಿ ಎಲ್ಲದರ ಮೇಲೂ ತೇವವಿರುವುದರಿಂದ ಅದು ತಾನಾಗಿ ಸೋರಿಹೋಗುತ್ತದೆ. ಜನವರಿ, ಫೆಬ್ರುವರಿಯ ಒಣ ಮಧ್ಯಾಹ್ನಗಳಲ್ಲಿ ಹೋಗುವುದಿಲ್ಲ.

ಉಪಾಯಕ್ಕೆ ಕಾಸೂ ಬೇಡ. ಸೀಟಿನಿಂದ ಏಳುವ ಮೊದಲೇ ಬಾಗಿಲ ಚೌಕಟ್ಟಿನ ಬಣ್ಣವಿಲ್ಲದ ಲೋಹವನ್ನು ಹಿಡಿದುಕೊಳ್ಳಬೇಕು, ಎರಡೂ ಕಾಲು ನೆಲಕ್ಕೆ ಊರುವವರೆಗೆ ಬಿಡಬಾರದು. ಆಗ ವಿದ್ಯುತ್ ಸಂಗ್ರಹವಾಗುವ ಮೊದಲೇ ಹರಿದುಹೋಗುತ್ತದೆ. ಸೀಟಿನ ಮೇಲೆ ಹತ್ತಿಯ ಪಂಚೆ ಹಾಸಿದೆ. ತಾಯಿ ಈಗ ಹಾಗೆಯೇ ಹಿಡಿದು ಇಳಿಯುತ್ತಾರೆ. ಮೊನ್ನೆ ಮಡಿಕೇರಿಗೂ ಬಂದರು.

ಇದನ್ನು ಬರೆಯಲು ಕಾರಣ ಮಾತ್ರ ಬೇರೆ. ಕಳೆದ ವಾರ ಬಂಕೊಂದರಲ್ಲಿ ಹುಡುಗನೊಬ್ಬ ಪಿಕಪ್‌ನಿಂದ ಜಿಗಿದು, ಹಿಂಭಾಗದ ಪ್ಲಾಸ್ಟಿಕ್ ಟಾರ್ಪಾಲಿನ ಮೇಲಿದ್ದ ಕ್ಯಾನಿನ ಮುಚ್ಚಳ ತೆಗೆದು ಅಲ್ಲಿಯೇ ಪೆಟ್ರೋಲ್ ತುಂಬಿಸಿಕೊಂಡ. ಕಳೆ ಕತ್ತರಿಸುವ ಯಂತ್ರಕ್ಕೆ, ಸಣ್ಣ ಪಂಪಿಗೆಂದು ನಾವೆಲ್ಲರೂ ಹೀಗೆಯೇ ಒಯ್ಯುತ್ತೇವೆ. ನಾನೂ ಹಲವು ವರ್ಷ ಒಯ್ದಿದ್ದೇನೆ. ತಾಯಿಯನ್ನು ಬೀಳಿಸಿದಂಥ ಕಿಡಿ ಪೆಟ್ರೋಲ್ ಆವಿಗೆ ಬೆಂಕಿ ಹೊತ್ತಿಸಲು ಧಾರಾಳ ಸಾಕು. ಪೆಟ್ರೋಲ್ ಕೊಳವೆಯಲ್ಲಿ ಹರಿಯುವಾಗಲೂ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಟಾರ್ಪಾಲಿನ ಮೇಲೆ ಕೂತ ಕ್ಯಾನಿನಿಂದ ಅದಕ್ಕೆ ನೆಲದ ದಾರಿ ಇರುವುದಿಲ್ಲ. ಆ ಹುಡುಗನಿಗೆ ಏನೂ ಆಗಲಿಲ್ಲ. ಆದರೆ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಕ್ಯಾನು ಲೋಹದ್ದಿರಲಿ. ಅದನ್ನು ನೆಲಕ್ಕಿಳಿಸಿ, ತೆರೆಯುವ ಮೊದಲು ಕ್ಯಾನಿನಿಂದ ದೂರದಲ್ಲಿ ಗಾಡಿಯ ಲೋಹವನ್ನೊಮ್ಮೆ ಮುಟ್ಟಿ. ತುಂಬಿಸುವಾಗ ನಾಜಲ್ ಕ್ಯಾನಿನ ಬಾಯಿಗೆ ತಾಗಿಕೊಂಡೇ ಇರಲಿ. ಜಿಲ್ಲೆಯ ಬಂಕ್ ಮಾಲೀಕರು ಇದನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ, ತೋಟದ ಕೆಲಸಕ್ಕೆ ಬಂದ ಅಸ್ಸಾಮಿನವರಿಗೂ ತಿಳಿಯುವಂತೆ ಚಿತ್ರ ಸಹಿತ ಬರೆಸಿ ಹಾಕಲಿ. ಕಾಫಿ ಗಿಡ ಹೂ ಬಿಡಲೆಂದು ನೀರು ಹಾಯಿಸುವ ಕೆಲಸ ಶುರುವಾಗುವ ಮೊದಲೇ ಇದು ಆಗಬೇಕು.

ಕಾಫಿ ಬೆಳೆಗಾರ, ಸುಂಟಿಕೊಪ್ಪ