ಬಂಪರ್ ಸುದ್ದಿಯ ಜೊತೆ ಟಿಕೆಟ್‌ನ ಲೆಕ್ಕವೂ ಬರಲಿ

ಮಾನ್ಯ ಸಂಪಾದಕರೇ,

ಕೇರಳದ ಬಂಪರ್ ಲಾಟರಿ ಡ್ರಾ ಆದ ಮರುದಿನ ತಮ್ಮ ಪತ್ರಿಕೆಯಲ್ಲಿ ಗೆದ್ದವರ ಭಾವಚಿತ್ರ ಮತ್ತು ಕೋಟಿಯ ಅಂಕಿ ತಪ್ಪದೆ ಬರುತ್ತವೆ. 2024ರ ಅಕ್ಟೋಬರಿನಲ್ಲಿ 25 ಕೋಟಿ ರೂಪಾಯಿಯ ತಿರುವೋಣಂ ಬಂಪರ್ ಕರ್ನಾಟಕದವರೊಬ್ಬರ ಪಾಲಾದ ಮೇಲೆ ಇಂಥ ವರದಿಗಳಿಗೆ ಓದುಗರೂ ಹೆಚ್ಚಿದ್ದಾರೆ. ನಾನು ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ವಾಸಿಸುವ ನಿವೃತ್ತ ಗಣಿತ ಅಧ್ಯಾಪಕ. ಗಡಿಯಾಚೆಯಿಂದ ಬರುವ ಬಂಧುಗಳು ಈ ಲಾಟರಿಯ ಬಗ್ಗೆ ಕೇಳುವ ಪ್ರಶ್ನೆಗಳನ್ನು ನೋಡಿದರೆ, ಬಹುಮಾನದ ಮೊತ್ತವೊಂದನ್ನು ಬಿಟ್ಟು ಬೇರೇನೂ ಅವರಿಗೆ ತಲುಪಿಲ್ಲವೆಂದು ತೋರುತ್ತದೆ.

ನಮ್ಮೂರಲ್ಲಿ ಲಾಟರಿಯೆಂಬುದು ದಿನಚರಿಯ ಭಾಗ. ಮಧ್ಯಾಹ್ನ 3 ಗಂಟೆಗೆ ತಿರುವನಂತಪುರದ ಗೋರ್ಕಿ ಭವನದಲ್ಲಿ ಡ್ರಾ ಆರಂಭವಾಗುತ್ತದೆ; ಸಂಜೆಯಾಗುವಷ್ಟರಲ್ಲಿ ಫಲಿತಾಂಶದ ಹಾಳೆ ಟಿಕೆಟ್ ಅಂಗಡಿಯ ಹಲಗೆಯ ಮೇಲೆ ಅಂಟಿರುತ್ತದೆ. ಸಣ್ಣ ಅಕ್ಷರದ ಆ ಹಾಳೆಯಲ್ಲಿ ನಾಲ್ಕಂಕಿಯ ಸಂಖ್ಯೆಗಳು ಇರುವೆ ಸಾಲಿನಂತೆ ತುಂಬಿರುವುದರಿಂದ, ಕನ್ನಡಕ ಮರೆತು ಬಂದವರು “ಮಾಷ್ಟ್ರೇ, ಏನಾದರೂ ಬಿದ್ದುಂಟಾ ನೋಡಿ” ಎಂದು ಬೆವರಿಗೆ ಮೆತ್ತಗಾದ ಟಿಕೆಟನ್ನು ನನ್ನ ಕೈಗಿಡುವುದುಂಟು. ಹೀಗೆ ನೋಡಿ ನೋಡಿಯೇ ನನಗೆ ಈ ವ್ಯವಸ್ಥೆಯ ಒಳಹೊರಗು ಪರಿಚಯವಾಯಿತು.

ಕೇರಳ ಸರಕಾರವು ಲಾಟರಿ ಇಲಾಖೆಯನ್ನು ಆರಂಭಿಸಿದ್ದು 1967ರಲ್ಲಿ, ಪಿ. ಕೆ. ಕುಂಞ್ಞು ಅವರು ಹಣಕಾಸು ಸಚಿವರಾಗಿದ್ದಾಗ. ಮೊದಲ ಡ್ರಾ 1968ರ ಜನವರಿ 26ರಂದು ನಡೆಯಿತು. ಟಿಕೆಟ್‌ಗೆ 1 ರೂಪಾಯಿ, ಪ್ರಥಮ ಬಹುಮಾನ 50,000 ರೂಪಾಯಿ. ಈಗ ವಾರದ ಏಳೂ ದಿನ ಒಂದೊಂದು ಲಾಟರಿ ಇದೆ: ಸೋಮವಾರದ ಭಾಗ್ಯತಾರದಿಂದ ಹಿಡಿದು ಸ್ತ್ರೀಶಕ್ತಿ, ಧನಲಕ್ಷ್ಮಿ, ಕಾರುಣ್ಯ ಪ್ಲಸ್, ಸುವರ್ಣ ಕೇರಳಂ, ಕಾರುಣ್ಯ, ಭಾನುವಾರದ ಸಮೃದ್ಧಿಯವರೆಗೆ. 2025ರ ಮೇ ತಿಂಗಳ ಪರಿಷ್ಕರಣೆಯ ನಂತರ ಇವೆಲ್ಲಕ್ಕೂ ಟಿಕೆಟ್ ದರ 50 ರೂಪಾಯಿ, ಪ್ರಥಮ ಬಹುಮಾನ 1 ಕೋಟಿ ರೂಪಾಯಿ. ದಿನಕ್ಕೊಂದು ಹೆಸರು ಯಾಕೆಂದು ಹಲವರು ಕೇಳುತ್ತಾರೆ. ಕೇಂದ್ರದ 1998ರ ಲಾಟರಿ ನಿಯಂತ್ರಣ ಕಾಯ್ದೆಯ ಪ್ರಕಾರ ಯಾವುದೇ ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಇರಕೂಡದು. ಹಾಗಾಗಿ ದಿನವೂ ಡ್ರಾ ಬೇಕೆಂದರೆ ಏಳು ಹೆಸರುಗಳೇ ಬೇಕು. ಅದೇ ಕಾಯ್ದೆಯು ವರ್ಷಕ್ಕೆ ಆರು ಬಂಪರ್‌ಗಳಿಗಿಂತ ಹೆಚ್ಚಿಗೆ ಅವಕಾಶ ಕೊಡುವುದಿಲ್ಲ. ಕ್ರಿಸ್‌ಮಸ್-ಹೊಸವರ್ಷ, ಸಮ್ಮರ್, ವಿಷು, ಮಾನ್ಸೂನ್, ತಿರುವೋಣಂ, ಪೂಜಾ ಎಂದು ಕೇರಳದ ಬಂಪರ್‌ಗಳನ್ನು ಎಣಿಸಿ ನೋಡಿದರೆ ಸರಿಯಾಗಿ ಆರೇ ಸಿಗುತ್ತವೆ.

ಇನ್ನು ಟಿಕೆಟ್‌ನ ಲೆಕ್ಕ. ಇದರಲ್ಲಿ ಕೊಳ್ಳುವವನು ತನಗೆ ಬೇಕಾದ ಸಂಖ್ಯೆಯನ್ನು ಬರೆಯುವಂತಿಲ್ಲ. ಅಚ್ಚಾಗಿ ಬಂದ ಟಿಕೆಟ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಷ್ಟೆ. ಅದರ ಮೇಲೆ ಸರಣಿಯನ್ನು ಸೂಚಿಸುವ ಎರಡು ಇಂಗ್ಲಿಷ್ ಅಕ್ಷರಗಳೂ ಆರಂಕಿಯ ಒಂದು ಸಂಖ್ಯೆಯೂ ಇರುತ್ತವೆ. ವಾರದ ಲಾಟರಿಗೆ ಸರಣಿಗಳು ಹನ್ನೆರಡು. 100000ದಿಂದ 999999ರವರೆಗೆ ಒಂದು ಸರಣಿಗೆ 9 ಲಕ್ಷ ಸಂಖ್ಯೆಗಳೆಂದು ಹಿಡಿದರೆ ಹನ್ನೆರಡಕ್ಕೆ 1 ಕೋಟಿ 8 ಲಕ್ಷವಾಗುತ್ತದೆ, ಪ್ರಥಮ ಬಹುಮಾನ ಅದರಲ್ಲಿ ಒಂದೇ ಒಂದು ಟಿಕೆಟ್‌ಗೆ. ಸಂಖ್ಯೆ ಅದೇ ಆಗಿ ಸರಣಿ ಮಾತ್ರ ಬೇರೆಯಾದವರಿಗೆ ಸಮಾಧಾನಕರ ಬಹುಮಾನವೆಂದು ಕೆಲವು ಸಾವಿರ ರೂಪಾಯಿ ಸಿಗುತ್ತದೆ. ಕೋಟಿಗೂ ಕೆಲವು ಸಾವಿರಕ್ಕೂ ನಡುವೆ ಇರುವುದು ಒಂದು ಅಕ್ಷರದ ವ್ಯತ್ಯಾಸವೆಂದು ನಾನು ತರಗತಿಯಲ್ಲಿ ಹೇಳಿದ್ದರೆ ಮಕ್ಕಳು ನಗುತ್ತಿದ್ದರೇನೋ, ಅಂಗಡಿಯ ಮುಂದೆ ಯಾರೂ ನಗುವುದಿಲ್ಲ.

ಜನರನ್ನು ದಿನವೂ ಹಿಡಿದಿಡುವುದು ಕೋಟಿಯಲ್ಲ, ಕೆಳಗಿನ ಬಹುಮಾನಗಳು. ಇವು ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳ ಮೇಲೆ ನಿಂತಿವೆ. ಸರಣಿ ಯಾವುದಾದರೂ ಆಗಬಹುದು. ಒಂದು ನಾಲ್ಕಂಕಿ ಎದ್ದರೆ ಅದು 10,000 ಟಿಕೆಟ್‌ಗಳಲ್ಲಿ ಒಂದಕ್ಕೆ ಹೊಂದುತ್ತದೆ. ಹಾಳೆಯಲ್ಲಿ ಇಂಥ ಸಂಖ್ಯೆಗಳು ರಾಶಿ ಬೀಳುವುದರಿಂದ ನೂರು ರೂಪಾಯಿ ಬಿದ್ದವರು ಪ್ರತಿ ಬೀದಿಯಲ್ಲೂ ಕಾಣಸಿಗುತ್ತಾರೆ. ಆ ನೂರು ರೂಪಾಯಿ ಹೆಚ್ಚಿನ ಸಲ ಅಂಗಡಿಯಿಂದ ಹೊರಗೆ ಬರುವುದೇ ಇಲ್ಲ, ಅಲ್ಲೇ ಎರಡು ಹೊಸ ಟಿಕೆಟ್‌ಗಳಾಗುತ್ತದೆ. ನಮ್ಮ ನೆರೆಮನೆಯವರೊಬ್ಬರು ಕೊನೆಯ ನಾಲ್ಕು ಅಂಕಿಗಳು ಒಂದೇ ಆಗಿರುವ ಟಿಕೆಟ್‌ಗಳನ್ನು ಬೇರೆ ಬೇರೆ ಸರಣಿಗಳಿಂದ ಆರಿಸಿ ‘ಸೆಟ್’ ಮಾಡಿ ಕೊಳ್ಳುತ್ತಾರೆ. ಬಿದ್ದರೆ ಎಲ್ಲಕ್ಕೂ ಬೀಳುತ್ತದೆ ಎಂಬುದು ಅವರ ವಾದ. ಅದು ನಿಜವೇ, ಆದರೆ ಬೀಳದ ದಿನ ಎಲ್ಲವೂ ಒಟ್ಟಿಗೆ ಕಸವಾಗುತ್ತವೆ. ಟಿಕೆಟೊಂದಕ್ಕೆ ಬರಬಹುದಾದ ಸರಾಸರಿಯಲ್ಲಿ ಕಾಸಿನಷ್ಟೂ ವ್ಯತ್ಯಾಸವಿಲ್ಲವೆಂದು ನಾನು ಕಾಗದದ ಮೇಲೆ ಬರೆದು ತೋರಿಸಿದ್ದೇನೆ. ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡು ಅವರು ಮರುದಿನವೂ ಸೆಟ್ಟೇ ಕೊಂಡರು.

ಹಣ ಎಲ್ಲಿಗೆ ಹೋಗುತ್ತದೆಂಬುದನ್ನೂ ವರದಿಗಳಲ್ಲಿ ಬರೆಯಬಹುದಿತ್ತು. 2025ರ ಸೆಪ್ಟೆಂಬರ್ 22ರಿಂದ ಲಾಟರಿಯ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿದೆ. 50 ರೂಪಾಯಿಯ ಟಿಕೆಟ್‌ನಲ್ಲಿ ತೆರಿಗೆಯೂ ಸೇರಿರುವುದರಿಂದ, ಅದರಲ್ಲಿ ಸುಮಾರು 14 ರೂಪಾಯಿ 29 ಪೈಸೆ ತೆರಿಗೆಯೇ ಆಗುತ್ತದೆ. ಉಳಿದುದರಲ್ಲಿ ಬಹುಮಾನ, ಏಜೆಂಟರ ಕಮಿಷನ್, ಮುದ್ರಣದ ಖರ್ಚು, ಸರಕಾರದ ಪಾಲು ಎಲ್ಲ ಹೊರಡಬೇಕು. ಗೆದ್ದವರ ಲೆಕ್ಕವೂ ಹೀಗೆಯೇ. 25 ಕೋಟಿಯೆಂದು ದಪ್ಪಕ್ಷರದಲ್ಲಿ ಅಚ್ಚಾಗುವ ಮೊತ್ತದಿಂದ ಮೊದಲು ಏಜೆಂಟರ ಪಾಲಾಗಿ ಶೇ 10, ಅಂದರೆ ಎರಡೂವರೆ ಕೋಟಿ ಕಳೆಯುತ್ತದೆ, ಉಳಿದ 22.5 ಕೋಟಿಗೆ ಶೇ 30ರಂತೆ 6.75 ಕೋಟಿ ಆದಾಯ ತೆರಿಗೆ, ಅಲ್ಲಿಗೆ 15.75 ಕೋಟಿ. ಇದರ ಮೇಲೆ ಸರ್ಚಾರ್ಜ್ ಮತ್ತು ಸೆಸ್ ಪ್ರತ್ಯೇಕ. ಆಮೇಲೂ ಅದು ದೊಡ್ಡ ಮೊತ್ತವೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಶೀರ್ಷಿಕೆಯ ಅಂಕಿ ಕೈಗೆ ಬರುವ ಅಂಕಿಯಲ್ಲ.

ಕರ್ನಾಟಕದ ಓದುಗರಿಗೆ ಎಲ್ಲಕ್ಕಿಂತ ಅಗತ್ಯವಾದ ಮಾಹಿತಿ ಬೇರೆಯೇ ಇದೆ. ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟಕ್ಕೆ ನಿಷೇಧವಿದೆ. ಕೇರಳಕ್ಕೆ ಬಂದು ಟಿಕೆಟ್ ಕೊಂಡವರಿಗೆ ಬಹುಮಾನ ಬಂದರೆ ಅವರು ಹೊರರಾಜ್ಯದವರೆಂಬ ಕಾರಣಕ್ಕೆ ಅದು ತಪ್ಪುವುದಿಲ್ಲ, ನೋಟರಿ ದೃಢೀಕರಿಸಿದ ದಾಖಲೆಗಳನ್ನು ಒದಗಿಸಬೇಕಾಗುತ್ತದೆ. ಆದರೆ ಟಿಕೆಟ್‌ಗಳನ್ನು ತಲಪಾಡಿಯ ಗಡಿ ದಾಟಿಸಿ ಕರ್ನಾಟಕದಲ್ಲಿ ಮಾರುವುದು ಅಪರಾಧ, ಗೊತ್ತಿದ್ದೂ ಹಾಗೆ ಕೊಂಡವರನ್ನೂ ಕಾಯ್ದೆ ಬಿಟ್ಟಿಲ್ಲ. ಕೇರಳದ ಲಾಟರಿ ಕಾಗದದ ಟಿಕೆಟ್ ಮಾತ್ರ. ಅದಕ್ಕೆ ಆನ್‌ಲೈನ್ ಮಾರಾಟವೇ ಇಲ್ಲ. ಹೀಗಿರುವಾಗ “ಕೇರಳ ಲಾಟರಿ ಆನ್‌ಲೈನ್” ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಂದೇಶಗಳೆಲ್ಲವೂ ಮೋಸ. ನನ್ನ ಸೋದರಳಿಯನಿಗೇ ಟಿಕೆಟ್‌ನ ಫೋಟೊ ಒಂದು ಬಂದಿತ್ತು. ಮರುದಿನ ಅದಕ್ಕೆ ಬಹುಮಾನ ಬಿದ್ದಿದೆಯೆಂದೂ ತೆರಿಗೆಯನ್ನು ಮುಂಗಡವಾಗಿ ಕಳುಹಿಸಬೇಕೆಂದೂ ಕರೆ ಬಂತು. ತೆರಿಗೆಯನ್ನು ಬಹುಮಾನದಿಂದಲೇ ಮುರಿದುಕೊಳ್ಳುತ್ತಾರೆಂಬ ಒಂದು ಸಂಗತಿ ಗೊತ್ತಿದ್ದುದರಿಂದ ಅವನು ಬಚಾವಾದ.

ಫಲಿತಾಂಶದ ಸಂಖ್ಯೆಗಳನ್ನು ಬಳಸಿಕೊಂಡು ನಡೆಯುವ ಇನ್ನೊಂದು ದಂಧೆಯೂ ಉಂಟು. ಸರಕಾರಿ ಡ್ರಾದ ಕೊನೆಯ ಮೂರು ಅಂಕಿಗಳ ಮೇಲೆ ಚೀಟಿ ಬರೆದು ಪಣ ಕಟ್ಟಿಸಿಕೊಳ್ಳುವ ಇದಕ್ಕೆ ಇಲ್ಲಿ ‘ಎಳುತ್ತ್ ಲಾಟರಿ’, ಅಂದರೆ ಬರೆಯುವ ಲಾಟರಿ ಎನ್ನುತ್ತಾರೆ. ಇದು ಮಟ್ಕಾದ ತಮ್ಮ. ಹೆಸರಿನಲ್ಲಿ ಲಾಟರಿ ಎಂದಿದ್ದರೂ ಇಲಾಖೆಗೂ ಅದಕ್ಕೂ ಸಂಬಂಧವಿಲ್ಲ.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಬಂಪರ್ ಸುದ್ದಿಯ ಕೆಳಗೆ ನಾಲ್ಕು ಸಾಲಿನ ಚೌಕವೊಂದನ್ನು ಹಾಕಿ, ಅದರಲ್ಲಿ ಎಷ್ಟು ಟಿಕೆಟ್ ಮಾರಾಟವಾದವು, ಕಡಿತದ ನಂತರ ಕೈಗೆಷ್ಟು ಬರುತ್ತದೆ, ಟಿಕೆಟನ್ನು ಎಷ್ಟು ದಿನದೊಳಗೆ ಒಪ್ಪಿಸಬೇಕು ಎಂಬುದನ್ನು ಮುದ್ರಿಸಿ. ಪತ್ರಿಕೆಯಲ್ಲಿ ಬಂದ ಸಂಖ್ಯೆಯನ್ನು ಕೇರಳ ಸರಕಾರದ ಗೆಜೆಟ್‌ನ ಫಲಿತಾಂಶದೊಂದಿಗೆ ಹೋಲಿಸಿ ನೋಡಿ 30 ದಿನಗಳೊಳಗೆ ಟಿಕೆಟ್ ಒಪ್ಪಿಸಬೇಕೆಂಬುದೇ ಇಲಾಖೆಯ ಸೂಚನೆ. ನಾನೇ ಒಮ್ಮೆ ನೂರು ರೂಪಾಯಿ ಬಿದ್ದ ಟಿಕೆಟನ್ನು ಪಂಚಾಂಗದ ನಡುವೆ ಇಟ್ಟು ಮರೆತಿದ್ದೆ. ಸಿಕ್ಕಿದಾಗ ಎರಡು ತಿಂಗಳು ದಾಟಿತ್ತು. ಯಾರೂ ಕೇಳದ ಬಹುಮಾನದ ಹಣ ಕಾಯ್ದೆಯಂತೆ ಸರಕಾರದ ಖಜಾನೆಗೆ ಸೇರುತ್ತದೆ, ನನ್ನದೂ ಸೇರಿರಬೇಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಅಧ್ಯಾಪಕ, ಮಂಜೇಶ್ವರ